ಹತ್ತನೇ ಒಂದು ಅಳತೆಯ ವಿಕ್ರಮ್: ನಾನು ಮಾಡಿದ ಬಗೆ

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಮಾದರಿ ಮಾಡೋಣ ಅಂತ ಕೂತಾಗ ನಾನು ಮೊದಲು ಬರೆದಿಟ್ಟುಕೊಂಡಿದ್ದು ಮೂರು ಸಂಖ್ಯೆ. ಉದ್ದ 2000 ಮಿ.ಮೀ., ಅಗಲ 2000 ಮಿ.ಮೀ., ಎತ್ತರ 1166 ಮಿ.ಮೀ. ಇಸ್ರೋ ಕೊಟ್ಟಿರುವ ಅಳತೆ ಇದು. ಹತ್ತರಿಂದ ಭಾಗಿಸಿದರೆ 20 ಸೆಂ.ಮೀ. ಚೌಕ, ಹನ್ನೊಂದೂವರೆ ಸೆಂ.ಮೀ.ಗಿಂತ ಕೊಂಚ ಜಾಸ್ತಿ ಎತ್ತರ. ಓದುವ ಮೇಜಿನ ಮೂಲೆಯಲ್ಲಿ ಆರಾಮಾಗಿ ಕೂರುವ ಗಾತ್ರ.

ಈ ಹವ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಕಿಟ್‌ನಿಂದ ಶುರು ಮಾಡುತ್ತಾರೆ. ಅಪೋಲೋದ ಚಂದ್ರನೌಕೆಗೆ 1:48, 1:72 ಅಳತೆಯ ಪ್ಲಾಸ್ಟಿಕ್ ಕಿಟ್‌ಗಳು ಬಂದಿವೆ. ಕಾಗದದ ಕೆಲಸ ಇಷ್ಟವಾದರೆ ನಾಸಾದವರೇ ಮಾದರಿಗಳನ್ನು ಪುಕ್ಕಟೆ ಕೊಡುತ್ತಾರೆ. ಅಭ್ಯಾಸಕ್ಕೆ ಇವೆರಡೂ ಒಳ್ಳೆಯವು. ಆದರೆ ನನಗೆ ಬೇಕಿದ್ದದ್ದು ವಿಕ್ರಮ್. ಬೆಂಗಳೂರಿನಲ್ಲೇ ರೂಪುಗೊಂಡ ನೌಕೆ ಅದು. ಅದನ್ನು ಮೊದಲಿಂದ ಕೊನೆಯವರೆಗೆ ನನ್ನ ಕೈಯಿಂದಲೇ ಕಟ್ಟಬೇಕು ಅನ್ನುವ ಆಸೆ.

1:10 ಅಳತೆ ಹಿಡಿದಿದ್ದಕ್ಕೆ ಕಾರಣ ಇದೆ. ಲೆಕ್ಕ ಬಾಯಲ್ಲೇ ಆಗುತ್ತದೆ. ನಿಜವಾದ ನೌಕೆಯ ಒಂದು ಸೆಂಟಿಮೀಟರ್ ನನ್ನ ಮಾದರಿಯಲ್ಲಿ ಒಂದು ಮಿಲಿಮೀಟರ್. ಸ್ಟೀಲ್ ಸ್ಕೇಲ್ ಒಂದಿದ್ದರೆ ಸಾಕು, ಕ್ಯಾಲ್ಕುಲೇಟರ್ ಬೇಕಿಲ್ಲ. ಇದಕ್ಕಿಂತ ಚಿಕ್ಕದು ಮಾಡಿದರೆ ಉಪಕರಣಗಳು ಬರೀ ಚುಕ್ಕಿಗಳಾಗುತ್ತವೆ. ದೊಡ್ಡದು ಮಾಡಿದರೆ ಮನೆಯಲ್ಲಿ ಇಡೋಕೆ ಜಾಗ ಸಾಲಲ್ಲ.

ಅಳತೆಗಿಂತ ಮೊದಲೇ ತೀರ್ಮಾನ ಆಗಬೇಕಾದ ವಿಷಯ ಒಂದಿದೆ. ಯಾವ ದಿನದ ವಿಕ್ರಮ್? ಅದು ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ. ಆಗ ರ‍್ಯಾಂಪ್ ಬಿಚ್ಚಿರಲಿಲ್ಲ, ಪ್ರಜ್ಞಾನ್ ಅನ್ನುವ ಆರು ಚಕ್ರದ ರೋವರ್ ಒಳಗೇ ಇತ್ತು. ಆಗಸ್ಟ್ 30ರ ಹೊತ್ತಿಗೆ ಪ್ರಜ್ಞಾನ್ ಕೆಳಗಿಳಿದು ಓಡಾಡುತ್ತಿತ್ತು. ಮಣ್ಣಿನ ಉಷ್ಣತೆ ಅಳೆಯುವ ಚಾಸ್ಟೆ, ಕಂಪನ ಅಳೆಯುವ ಇಲ್ಸಾ, ಎರಡೂ ಹೊರಗೆ ಬಂದು ನೆಲ ಮುಟ್ಟಿದ್ದವು. ಸೆಪ್ಟೆಂಬರ್ 3ರಂದು ವಿಕ್ರಮ್ ಸುಮಾರು 40 ಸೆಂ.ಮೀ. ಮೇಲೆದ್ದು ಪಕ್ಕದಲ್ಲಿ ಮತ್ತೆ ಇಳಿಯಿತಲ್ಲ, ಅದಕ್ಕೆ ಮುಂಚೆ ಇವನ್ನೆಲ್ಲ ಒಳಗೆ ಮಡಚಿ, ಆಮೇಲೆ ಪುನಃ ಬಿಚ್ಚಿದರು. ಹಾಗಾಗಿ ದಿನ ಗೊತ್ತು ಮಾಡಿಕೊಳ್ಳದೆ ಕೂತರೆ ರ‍್ಯಾಂಪ್ ಒಂದು ದಿನದ್ದು, ಉಪಕರಣ ಇನ್ನೊಂದು ದಿನದ್ದು ಆಗಿಬಿಡುತ್ತದೆ. ನಾನು ಆರಿಸಿಕೊಂಡಿದ್ದು ಆಗಸ್ಟ್ 30ರ ಬೆಳಿಗ್ಗೆ. ಅವತ್ತು ಪ್ರಜ್ಞಾನ್ ತನ್ನ ಕ್ಯಾಮೆರಾದಿಂದ ವಿಕ್ರಮ್‌ನ ಫೋಟೋ ತೆಗೆಯಿತು. ಒಂದಂತೂ ಸುಮಾರು 15 ಮೀಟರ್ ದೂರದಿಂದ ತೆಗೆದದ್ದು. ಚಂದ್ರನ ಮೇಲೆ ನಿಂತ ನೌಕೆಯನ್ನು ಎದುರಿಂದ ನೋಡಿ ಕೆಲಸ ಮಾಡುವ ಭಾಗ್ಯ ಎಲ್ಲ ಮಾದರಿಗೂ ಸಿಗಲ್ಲ.

ಫೋಟೋ ಆರಿಸುವಾಗ ಕಣ್ಣು ಚುರುಕಾಗಿರಬೇಕು. ಹುಡುಕಿದರೆ ವಿಕ್ರಮ್ ಹೆಸರಲ್ಲಿ ಚಂದ್ರಯಾನ-2ರ ಚಿತ್ರಗಳೂ ಸಿಗುತ್ತವೆ, ನೋಡಲು ಎರಡೂ ಒಂದೇ ಥರ. ಗುರುತು ಹಿಡಿಯುವ ಸುಲಭದ ದಾರಿ ತಳ ನೋಡುವುದು. ಹಳೆಯದಕ್ಕೆ ನಡುವೆ ಒಂದು ಸೇರಿ ಐದು ಎಂಜಿನ್. ಹೊಸದಕ್ಕೆ ನಾಲ್ಕೇ, ನಡುವಿನದು ಇಲ್ಲ. ಹೊಸದರ ಕಾಲುಗಳು ಗಟ್ಟಿ, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ತಡೆಯುವಂಥವು. ಸೌರ ಫಲಕದ ಜಾಗವೂ ಜಾಸ್ತಿ.

ಬಿಡಿ ಭಾಗಗಳ ಅಳತೆಯೆಲ್ಲ ಎಲ್ಲೂ ಸಿಗುವುದಿಲ್ಲ. ಅದನ್ನು ಫೋಟೋದಿಂದಲೇ ತೆಗೆಯಬೇಕು. ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಜೋಡಣೆ ಆಗುವಾಗಿನ ಚಿತ್ರಗಳನ್ನು ಪ್ರಿಂಟ್ ಹಾಕಿಸಿದೆ. ಎದುರಿನಿಂದ ನೇರವಾಗಿ, ದೂರದಿಂದ ತೆಗೆದದ್ದು ಮಾತ್ರ. ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ್ದು ದೊಡ್ಡದಾಗಿ ಲೆಕ್ಕ ಕೆಡುತ್ತದೆ. ಗೊತ್ತಿರುವ ಒಂದು ಅಳತೆ ಹಿಡಿದು ಉಳಿದದ್ದನ್ನೆಲ್ಲ ಅದಕ್ಕೆ ತಾಳೆ ಹಾಕಿದೆ. ಆದರೂ ಎಷ್ಟೋ ಕಡೆ ನೆರಳಿನಲ್ಲಿ ಏನೂ ಕಾಣಲ್ಲ. ಅಂಥ ಜಾಗದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಇಲ್ಲಿ ಯಾತಕ್ಕಿದೆ? ನೌಕೆಯಲ್ಲಿ ಅಂದಕ್ಕೆ ಅಂತ ಇಟ್ಟದ್ದು ಒಂದೂ ಇಲ್ಲ. ಕೆಲಸ ಗೊತ್ತಾದರೆ ಆಕಾರ, ಜಾಗ, ಕೊನೆಗೆ ಬಣ್ಣ ಕೂಡ ತಾನಾಗೇ ತಿಳಿಯುತ್ತದೆ.

ಚಿನ್ನದ ಬಣ್ಣದ ಹೊದಿಕೆಯನ್ನೇ ತೆಗೆದುಕೊಳ್ಳಿ. ವಿಕ್ರಮ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಅದೇ ಅಲ್ವಾ? ಅದು ಚಿನ್ನ ಅಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿದ ಕಂಬಳಿ. ಬಿಸಿಲಿನ ಶಾಖ ಒಳಗೆ ಹೋಗದಂತೆ, ಒಳಗಿನ ಬಿಸಿ ಹೊರಗೆ ಸೋರದಂತೆ ಕಾಯುವುದು ಅದರ ಕೆಲಸ. ಮೇಲಿನ ಹಾಳೆ ಪಾಲಿಇಮೈಡ್ ಅನ್ನುವ ಜೇನು ಬಣ್ಣದ ಪ್ಲಾಸ್ಟಿಕ್, ಅದರ ಹಿಂಬದಿಗೆ ಅಲ್ಯೂಮಿನಿಯಂ ಲೇಪ. ಜೇನು ಬಣ್ಣದ ಮೂಲಕ ಬೆಳ್ಳಿ ಹೊಳಪು ಹಾದು ಬಂದು ನಮ್ಮ ಕಣ್ಣಿಗೆ ಚಿನ್ನದಂತೆ ಕಾಣುತ್ತದೆ.

ಇದು ತಿಳಿದ ಮೇಲೆ ಚಿನ್ನದ ಬಣ್ಣದ ಗಿಫ್ಟ್ ಪೇಪರ್ ಅಂಟಿಸುವ ಯೋಚನೆ ಬಿಟ್ಟೆ. ಆ ಪೇಪರಿನ ಹೊಳಪು ಒಂದೇ ಸಮ ಇರುತ್ತದೆ, ಮಡಿಕೆಯ ಒಳಗೆ ಬಣ್ಣ ಗಾಢವಾಗುವುದೇ ಇಲ್ಲ. ನಿಜವಾದ ಹೊದಿಕೆಯಲ್ಲಿ ಮಡಿಕೆ ಒಳಗೆ ಕಂದು, ಏಣಿನ ಮೇಲೆ ಹಳದಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕ್ಯಾಪ್ಟಾನ್ ಟೇಪ್ ಸಿಗುತ್ತದೆ. ಮೊಬೈಲ್ ರಿಪೇರಿಯವರು ಬಿಸಿಯಿಂದ ಕಾಪಾಡಲು ಬಳಸುವ ಜೇನು ಬಣ್ಣದ ಟೇಪ್ ಅದು. ಅದು ಪಾಲಿಇಮೈಡೇ! ಅಗಲವಾದ ರೋಲ್ ತಂದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಹೊಳೆಯುವ ಮುಖದ ಮೇಲೆ ಟೇಪ್ ಅಂಟಿಸಿ, ಗಾಳಿಗುಳ್ಳೆ ಇಲ್ಲದಂತೆ ಹತ್ತಿಬಟ್ಟೆಯಿಂದ ಒತ್ತಿದೆ. ಆಮೇಲೆ ಅಂಗೈಯಲ್ಲಿ ಮೆಲ್ಲಗೆ ಮುದುರಿ, ಬಿಚ್ಚಿ, ಪುನಃ ಮುದುರಿದೆ. ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಬಂದ ಬಣ್ಣ ನೋಡಿ ನಿಜಕ್ಕೂ ಮೈ ಜುಮ್ಮೆಂದಿತು. ಬಣ್ಣ ಹಚ್ಚಿ ಇದನ್ನು ತರಲು ಆಗುತ್ತಲೇ ಇರಲಿಲ್ಲ.

ಹೊದಿಕೆ ಕೂರಿಸುವಾಗ ಇಡೀ ಹಾಳೆಗೆ ಅಂಟು ಬಳಿಯಬಾರದು. ಹಾಗೆ ಮಾಡಿದರೆ ಗೋಡೆಗೆ ಬಣ್ಣ ಬಳಿದಂತೆ ಚಪ್ಪಟೆಯಾಗಿ ಕೂರುತ್ತದೆ. ಅಂಚಿಗೆ ಮಾತ್ರ ಎರಡೂ ಕಡೆ ಅಂಟುವ ಟೇಪ್ ಹಾಕಿ, ನಡುವೆ ಸ್ವಲ್ಪ ಉಬ್ಬಿರಲು ಬಿಡಬೇಕು. ಒಂದು ತುಂಡು ಇನ್ನೊಂದನ್ನು ಸೇರುವ ಕಡೆ ಅದೇ ಕ್ಯಾಪ್ಟಾನ್ ಟೇಪನ್ನು ಎರಡು ಮಿ.ಮೀ. ಪಟ್ಟಿ ಕೊಯ್ದು ಹಚ್ಚಿದೆ. ಮಡಿಕೆಯ ಗಾತ್ರವೂ ಅಳತೆಗೆ ಒಪ್ಪಬೇಕು. ಮಾದರಿಯಲ್ಲಿ ಎರಡು ಸೆಂ.ಮೀ. ಉದ್ದದ ಮಡಿಕೆ ಬಿತ್ತು ಅಂದರೆ ನಿಜದಲ್ಲಿ ಅದು 20 ಸೆಂ.ಮೀ. ಆಯಿತು. ಆದ್ದರಿಂದ ಚಿಕ್ಕ ಚಿಕ್ಕದಾಗಿ ಮುದುರುವ ತಾಳ್ಮೆ ಬೇಕು.

ಒಳಗಿನ ಪೆಟ್ಟಿಗೆ ಸುಲಭದ ಕೆಲಸ. ಸನ್‌ಬೋರ್ಡ್ ಕೊಯ್ದು ಚೌಕಟ್ಟು, ಅದರ ಮೇಲೆ ತೆಳು ಪ್ಲಾಸ್ಟಿಕ್ ಶೀಟ್. ಹೊಸ ಬ್ಲೇಡು ಹಾಕಿಕೊಂಡು ಒಂದೇ ಏಟಿಗೆ ಕತ್ತರಿಸದೆ ಹಗುರವಾಗಿ ನಾಲ್ಕೈದು ಸಲ ಗೀರಿದರೆ ಅಂಚು ನೇರ ಬರುತ್ತದೆ. ಸನ್‌ಬೋರ್ಡಿನ ಒಳಗಿನ ನೊರೆಗೆ ಫೆವಿಕ್ವಿಕ್ ತಾಗಿಸಬೇಡಿ, ಕೆಲವು ಬಗೆಯ ಬೋರ್ಡ್ ಕರಗುತ್ತದೆ. ಅಲ್ಲಿಗೆ ಫೆವಿಕಾಲ್ ಸಾಕು.

ಸೌರ ಫಲಕಗಳನ್ನು ಕಂಪ್ಯೂಟರಿನಲ್ಲಿ ಬರೆದು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಲೇಸರ್ ಪ್ರಿಂಟ್ ತೆಗೆಸಿದೆ. ಹೊಳಪಿಗೆ ಲ್ಯಾಮಿನೇಶನ್ ಮಾಡಿಸುವುದೇ ಸರಿ. ನೇಲ್ ಪಾಲಿಶ್ ಬಳಿದರೆ ಅದರಲ್ಲಿರುವ ದ್ರಾವಕ ಪ್ರಿಂಟಿನ ಟೋನರನ್ನೇ ಎಬ್ಬಿಸುತ್ತದೆ. ಬಣ್ಣ ಕಡು ನೀಲಿಗಿಂತಲೂ ಕಪ್ಪಿಗೆ ಹತ್ತಿರ ಇರಲಿ.

ಕಾಲುಗಳಿಗೆ ಒಂದರೊಳಗೊಂದು ಕೂರುವ ಎರಡು ಕೊಳವೆ ಬೇಕಿತ್ತು. ಕಾಲು ನೆಲಕ್ಕೆ ಬಡಿದಾಗ ಹೊಡೆತ ನುಂಗಿಕೊಳ್ಳಬೇಕಲ್ಲ, ಆದ್ದರಿಂದ ಮೇಲೆ ದಪ್ಪ, ಕೆಳಗೆ ಸಣ್ಣ. ಖಾಲಿ ಬಾಲ್‌ಪೆನ್ ರೀಫಿಲ್ಲು ಮತ್ತು ಅದರ ಮೇಲೆ ಬಿಗಿಯಾಗಿ ಕೂರುವ ಹಿತ್ತಾಳೆ ಕೊಳವೆ ಸರಿಹೋಯಿತು. ಎಂಜಿನ್‌ಗಳ ಬಾಯಿಗೆ ಎಂ-ಸೀಲ್ ಕಲಸಿ, ಎಣ್ಣೆ ಸವರಿದ ಶಂಕುವಿನ ಮೇಲೆ ತೆಳುವಾಗಿ ಲಟ್ಟಿಸಿ, ಗಟ್ಟಿಯಾದ ಮೇಲೆ ಬಿಡಿಸಿ ಮರಳು ಕಾಗದದಲ್ಲಿ ಉಜ್ಜಿದೆ. ವೈರುಗಳಿಗೆ ಮೋಟರ್ ವೈಂಡಿಂಗ್ ಅಂಗಡಿಯ ತೆಳು ತಾಮ್ರದ ತಂತಿ.

ಈಗ ನನಗೆ ಅತಿ ಇಷ್ಟದ ಭಾಗ. ರಂಭಾ ಅನ್ನುವ ಉಪಕರಣ ಚಂದ್ರನ ನೆಲದ ಹತ್ತಿರದ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶ ಇರುವ ಕಣಗಳ ಅನಿಲವನ್ನು, ಅಳೆಯಿತು. ಅದಕ್ಕಾಗಿ ಲ್ಯಾಂಡರಿನ ಮೇಲ್ಭಾಗದಿಂದ ಒಂದು ಮೀಟರ್ ಉದ್ದದ ಕಡ್ಡಿ ಹೊರಕ್ಕೆ ಚಾಚಿದೆ, ಅದರ ತುದಿಯಲ್ಲಿ 5 ಸೆಂ.ಮೀ.ನ ಲೋಹದ ಗುಂಡು. ಅಷ್ಟು ದೂರ ಯಾಕೆ ಅಂದರೆ ಲ್ಯಾಂಡರಿನ ಮೈಯೇ ಅಳತೆಯನ್ನು ಕೆಡಿಸಬಾರದು. ನನ್ನ ಮಾದರಿಯಲ್ಲಿ ಅದು 10 ಸೆಂ.ಮೀ. ಕಡ್ಡಿ, 5 ಮಿ.ಮೀ. ಗುಂಡು. ಸೈಕಲ್ ಮುಂದಿನ ಚಕ್ರದ ಬೇರಿಂಗ್ ಗುಂಡು 3/16 ಇಂಚು, ಅಂದರೆ 4.76 ಮಿ.ಮೀ. ಇದಕ್ಕಿಂತ ಹತ್ತಿರದ್ದು ಇನ್ನೇನು ಬೇಕು?

ಸೈಕಲ್ ಅಂಗಡಿಗೆ ಹೋದೆ.

"ಎಷ್ಟು ಕೊಡ್ಲಿ ಸರ್, ಒಂದು ಸೆಟ್ಟಾ?"

"ಒಂದೇ ಒಂದು ಸಾಕಣ್ಣ."

ಅವರಿಗೆ ಆಶ್ಚರ್ಯ. ಫೋನಿನಲ್ಲಿ ವಿಕ್ರಮ್‌ನ ಚಿತ್ರ ತೋರಿಸಿ ಈ ಗುಂಡು ಎಲ್ಲಿ ಕೂರುತ್ತೆ ಅಂತ ವಿವರಿಸಿದೆ. ಕೈಯಲ್ಲಿದ್ದ ಗ್ರೀಸ್ ಒರೆಸಿಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಡಬ್ಬಿಯೆಲ್ಲ ತಡಕಿ ಒಂದು ಗೀರೂ ಇಲ್ಲದ ಗುಂಡು ಆರಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಗುಂಡನ್ನು ಹಿತ್ತಾಳೆ ತಂತಿಯ ತುದಿಗೆ ಅರಾಲ್ಡೈಟ್‌ನಲ್ಲಿ ಕೂರಿಸಿದ್ದೇನೆ. ಅದಕ್ಕೆ ಬಣ್ಣ ಹಚ್ಚಿಲ್ಲ, ಲೋಹ ಲೋಹದ ಹಾಗೇ ಇರಲಿ ಅಂತ.

ಇದಕ್ಕೂ ಸೂಕ್ಷ್ಮದ ಕೆಲಸ ನಾಸಾ ಕೊಟ್ಟ ಲೇಸರ್ ಪ್ರತಿಫಲಕ. ನಿಜದಲ್ಲೇ ಅದರ ಅಗಲ 5 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೆ, ತೂಕ 20 ಗ್ರಾಂ. ಗುಮ್ಮಟದಂಥ ಬಿಲ್ಲೆಯ ಮೇಲೆ ಎಂಟು ಪುಟ್ಟ ಪ್ರತಿಫಲಕಗಳು. ಎಲ್ಲಿಂದ ಬೆಳಕು ಬಿದ್ದರೂ ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು, ಅದಕ್ಕೇ ಗುಮ್ಮಟದ ಆಕಾರ. ವಿಕ್ರಮ್ ಕೆಲಸ ನಿಲ್ಲಿಸಿ ಮಲಗಿದ ಮೇಲೂ ಇದಕ್ಕೆ ಕರೆಂಟಿನ ಹಂಗಿಲ್ಲ. 2023ರ ಡಿಸೆಂಬರ್ 12ರಂದು ಚಂದ್ರನ ಸುತ್ತ ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಸುಮಾರು 100 ಕಿ.ಮೀ. ದೂರದಿಂದ ಲೇಸರ್ ಬಿಟ್ಟು, ಇದರಿಂದ ಮರಳಿದ ಬೆಳಕನ್ನು ಹಿಡಿಯಿತು. ಮಾದರಿಯಲ್ಲಿ ಇದು 5 ಮಿ.ಮೀ. ಬಿಲ್ಲೆ, ಎತ್ತರ ಎರಡು ಮಿ.ಮೀ.ಗೂ ಕಡಿಮೆ. ಭೂತಗನ್ನಡಿ ಹಿಡಿದು, ಸೀರೆ ಕಸೂತಿಗೆ ಬಳಸುವ ಅತಿ ಸಣ್ಣ ಬೆಳ್ಳಿ ಮಣಿಗಳನ್ನು ಸೂಜಿ ತುದಿಯಲ್ಲಿ ಎತ್ತಿ ಒಂದೊಂದಾಗಿ ಕೂರಿಸಿದೆ. ಆ ಹೊತ್ತಲ್ಲಿ ಫ್ಯಾನ್ ಆಫ್ ಮಾಡಲೇಬೇಕು.

ಪ್ರಜ್ಞಾನ್‌ಗೆ ಪ್ರತ್ಯೇಕ ಲೇಖನವೇ ಬೇಕು. 917 × 750 × 397 ಮಿ.ಮೀ. ಅಂದರೆ ಅಂಗೈಯಲ್ಲಿ ಹಿಡಿಯುವ ಗಾತ್ರ. ಆರು ಚಕ್ರಗಳ ಜೋಡಣೆ ನಿಜವಾಗಿ ಏಳಬೇಕು, ಬೀಳಬೇಕು ಅಂತ ಕೀಲುಗಳಿಗೆ ಗುಂಡುಪಿನ್ನು ಹಾಕಿದೆ. ಒಂದು ಚಕ್ರದ ಕೆಳಗೆ ಪೆನ್ಸಿಲ್ ತೂರಿಸಿದರೆ ಆ ಚಕ್ರ ಮಾತ್ರ ಏರುತ್ತದೆ, ಉಳಿದ ಐದೂ ನೆಲ ಬಿಡುವುದಿಲ್ಲ. ಮಕ್ಕಳಿಗೆ ಇದನ್ನು ತೋರಿಸಿದರೆ ವಿಕ್ರಮ್ ಕಡೆ ತಿರುಗಿಯೂ ನೋಡಲ್ಲ! ಅದು ಇಳಿದು ಬಂದ ರ‍್ಯಾಂಪ್ ಎರಡು ಮಡಿಕೆಯದ್ದು. ನಡುವಿನ ಕೀಲನ್ನು ತಪ್ಪದೆ ತೋರಿಸಿ.

ನೆಲಕ್ಕೆ ಸಿಮೆಂಟ್ ಮತ್ತು ಒಲೆ ಬೂದಿಯನ್ನು ಮೈದಾ ಜರಡಿಯಲ್ಲಿ ಆಡಿದೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ನೀರು ಬೆರೆಸಿದ ಫೆವಿಕಾಲ್ ಬಳಿದ ಹಲಗೆಯ ಮೇಲೆ ಉದುರಿಸಿ, ಒಣಗುವ ಮೊದಲು ಚಕ್ರದ ಗುರುತು ಮೂಡಿಸಿದೆ. ನಮ್ಮ ಚಳ್ಳಕೆರೆ ಹತ್ತಿರ ಇಸ್ರೋದವರು ಲ್ಯಾಂಡರಿನ ಸೆನ್ಸರ್ ಪರೀಕ್ಷೆಗೆ ಕೃತಕ ಕುಳಿಗಳನ್ನೇ ತೋಡಿದ್ದರು. ನನ್ನ ಕುಳಿಗಳಿಗೆ ಚಮಚದ ಬೆನ್ನು ಸಾಕಾಯಿತು.

ಮಾದರಿ ಸರಿ ಬಂದಿದೆಯೋ ಇಲ್ಲವೋ ಅಂತ ನೋಡಲು ನಾನು ಮಾಡಿದ್ದು ಹೀಗೆ. ಪ್ರಜ್ಞಾನ್ ಫೋಟೋ ತೆಗೆದದ್ದು 15 ಮೀಟರ್‌ನಿಂದ, ಆದ್ದರಿಂದ ಫೋನನ್ನು ಒಂದೂವರೆ ಮೀಟರ್ ದೂರದಲ್ಲಿ, ನೆಲದಿಂದ ಕೆಲವೇ ಸೆಂ.ಮೀ. ಎತ್ತರದಲ್ಲಿ ಇಟ್ಟೆ. ಕೋಣೆಯ ದೀಪ ಎಲ್ಲ ಆರಿಸಿ ಒಂದೇ ಒಂದು ಬಲ್ಬ್ ಹಚ್ಚಿದೆ. ಚಂದ್ರನಲ್ಲಿ ಗಾಳಿ ಇಲ್ಲ, ಬೆಳಕು ಚದುರಲ್ಲ, ನೆರಳು ಚೂಪಾಗಿ ಬೀಳುತ್ತದೆ. ವಿಕ್ರಮ್ ಇಳಿದ ಜಾಗ ಸುಮಾರು 69 ಡಿಗ್ರಿ ದಕ್ಷಿಣದಲ್ಲಿದೆ, ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಏರಿದರೂ 20 ಡಿಗ್ರಿ ಆಸುಪಾಸು. ಅದಕ್ಕೆ ಬಲ್ಬನ್ನೂ ತಗ್ಗಿನಲ್ಲೇ ಇಟ್ಟೆ. ಆಮೇಲೆ ಎರಡೂ ಫೋಟೋವನ್ನು ಕಪ್ಪು-ಬಿಳುಪು ಮಾಡಿ ಪಕ್ಕಪಕ್ಕ ಇಟ್ಟು ಕಾಲಿನ ಓರೆ, ಚಾಸ್ಟೆಯ ಜಾಗ, ನೆರಳಿನ ಉದ್ದ ಒಂದೊಂದೇ ಹೋಲಿಸುತ್ತಾ ಹೋದೆ. ಬೇರೆಯವರ ಮೆಚ್ಚುಗೆಗಿಂತ ಈ ಪರೀಕ್ಷೆ ಮೇಲು.

ಈಗ ಮೇಜಿನ ಮೇಲಿರುವುದು ಆರ್ಯಭಟ. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿಸಿದ 360 ಕೆ.ಜಿ. ಉಪಗ್ರಹ. ಅದಕ್ಕೂ 1:10 ಅಳತೆಯನ್ನೇ ಇಟ್ಟುಕೊಂಡಿದ್ದೇನೆ, ಎರಡನ್ನೂ ಪಕ್ಕದಲ್ಲಿಟ್ಟರೆ ಗಾತ್ರ ಹೋಲಿಸಬಹುದು ಅಂತ. ಅದಕ್ಕೆ 26 ಮುಖ. ಮೇಲಿನದು, ಕೆಳಗಿನದು ಬಿಟ್ಟು ಉಳಿದದ್ದರ ಮೇಲೆಲ್ಲ ಸೌರ ಕೋಶಗಳು. ಮುಖ ಮುಖ ಸೇರುವ ಕೋನ ಒಂದು ಕೂದಲೆಳೆ ಆಚೀಚೆ ಆದರೂ ಕೊನೆಯ ತುಂಡು ಕೂರುವುದಿಲ್ಲ. ಅದಕ್ಕೆ ಮೊದಲು ದಪ್ಪ ಐವರಿ ಶೀಟಿನಲ್ಲಿ ಒಂದು ಅಚ್ಚು ಮಾಡಿಕೊಳ್ಳುತ್ತಿದ್ದೇನೆ.