ಹಾಬೂರ್ ಕಲ್ಲಿನ ಪದರ ಅಳೆದದ್ದು ಹೀಗೆ

ಜೈಸಲ್ಮೇರ್‌ನಿಂದ ವಾಯವ್ಯಕ್ಕೆ ಹೊರಟರೆ ಕಲ್ಲುಗಳ ವಯಸ್ಸು ಕಡಿಮೆಯಾಗುತ್ತಾ ಹೋಗುತ್ತದೆ. ಪದರಗಳೆಲ್ಲ ಆ ಕಡೆಗೇ ಒಂಚೂರು ವಾಲಿವೆ, ಅದಕ್ಕೇ ಮುಂದೆ ಹೋದಷ್ಟೂ ಮೇಲಿನ ಹೊಸ ಪದರಗಳು ಸಿಗುತ್ತವೆ. ಕೋಟೆ ಕಟ್ಟಿದ ಹಳದಿ ಸುಣ್ಣದ ಕಲ್ಲು ಜುರಾಸಿಕ್ ಕಾಲದ್ದು. ಅದನ್ನು ದಾಟಿ ಮುಂದೆ ಹೋದರೆ ಪರಿವಾರ್ ಮರಳುಗಲ್ಲು, ಅದರ ಮೇಲೆ ಹಾಬೂರ್ ಸುಣ್ಣದ ಕಲ್ಲು. ಇವೆರಡೂ ಜುರಾಸಿಕ್ ಮುಗಿದ ಮೇಲೆ ಬಂದ ಕ್ರಿಟೇಷಿಯಸ್ ಕಾಲದ ಮೊದಲ ಭಾಗದವು. ಹಾಬೂರ್‌ನ ವಯಸ್ಸು ಸುಮಾರು 12 ಕೋಟಿ ವರ್ಷ.

ನಾನು ಕೆಲಸ ಕಲಿತದ್ದು ಧಾರವಾಡದ ಕಲ್ಲುಗಳ ಮೇಲೆ. 250 ಕೋಟಿ ವರ್ಷಕ್ಕೂ ಹಳೆಯವು, ಮಡಚಿಕೊಂಡು ಎದ್ದು ನಿಂತವು. ಥಾರ್‌ನಲ್ಲಿ ಕಷ್ಟವೇ ಬೇರೆ. ಇಲ್ಲಿ ಕಲ್ಲು ಹೆಚ್ಚುಕಡಿಮೆ ಮಲಗಿದೆ, ನೆಲವೂ ಸಪಾಟು. ಪದರದ ಓರೆ 3 ಡಿಗ್ರಿ ಇದ್ದರೆ, 100 ಮೀಟರ್ ನಡೆದರೂ ನೀವು ದಾಟಿದ ಕಲ್ಲಿನ ದಪ್ಪ 5 ಮೀಟರ್ ಚಿಲ್ಲರೆ ಅಷ್ಟೆ. ಅದೇ ಓರೆ 2 ಡಿಗ್ರಿ ಆಗಿದ್ದರೆ ಬರೀ 3.5 ಮೀಟರ್. ಒಂದು ಡಿಗ್ರಿ ಅತ್ತಿತ್ತ ಆದರೆ ಲೆಕ್ಕವೇ ಕೆಟ್ಟಿತು!

ಹಾಗಾಗಿ ಕಲ್ಲಿನ ಮೇಲೆ ಸುಮ್ನೆ ಕಂಪಾಸ್ ಇಟ್ಟು ಓದಲಿಲ್ಲ. ಒಂದೇ ಪದರ ಕಾಣುವ ಮೂರು ಜಾಗ ಹುಡುಕಿ, ಅವುಗಳ ಎತ್ತರ ಅಳೆದು, ಓರೆಯನ್ನು ಲೆಕ್ಕ ಹಾಕಿ ತೆಗೆದೆ. ಪರಿವಾರ್ ಮರಳುಗಲ್ಲಿನಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ನೀರಿನ ಹರಿವು ಮರಳನ್ನು ತಳ್ಳಿಕೊಂಡು ಹೋಗುವಾಗ ಪದರದೊಳಗೇ ಓರೆ ಗೆರೆಗಳು ಮೂಡುತ್ತವೆ. ಅವು 20 ಡಿಗ್ರಿಗೂ ಹೆಚ್ಚು ವಾಲಿರಬಹುದು. ಹೊಸಬರು ಮೊದಲು ಅಳೆಯುವುದು ಅದನ್ನೇ. ಆ ಗೆರೆಗಳು ಹೇಳುವುದು ನೀರು ಎತ್ತ ಹರಿಯಿತು ಅನ್ನುವುದನ್ನು, ಪದರ ಎತ್ತ ವಾಲಿದೆ ಅನ್ನುವುದನ್ನಲ್ಲ.

ನನಗೆ ಬೇಕಾಗಿದ್ದದ್ದು ನದಿ ತಂದ ಮರಳು ಮುಗಿದು ಸಮುದ್ರ ಶುರುವಾಗುವ ಜಾಗ. ಬಣ್ಣ ನಂಬುವ ಹಾಗಿಲ್ಲ. ಮರುಭೂಮಿಯಲ್ಲಿ ಕಲ್ಲಿನ ಮೈಯೆಲ್ಲ ತುಕ್ಕು ಹಿಡಿದಂತೆ ಕೆಂಪಾಗಿರುತ್ತದೆ. ಸುತ್ತಿಗೆಯಿಂದ ಒಡೆದು ಒಳಗಿನ ಮುಖ ನೋಡಬೇಕು. ಪ್ರತಿ ಪದರಕ್ಕೂ ನೀರು ಬೆರೆಸಿದ ಆಸಿಡ್ ಒಂದೊಂದು ಹನಿ ಹಾಕಿದೆ. ಕೆಳಗಿನ ಮರಳುಗಲ್ಲಿನಲ್ಲಿ ಏನೂ ಆಗಲಿಲ್ಲ. ಮೇಲೆ ಹೋದಂತೆ ಸಣ್ಣಗೆ ಗುಳ್ಳೆ, ಆಮೇಲೆ ಬುಸ್ಸನೆ ನೊರೆ. ಸುಣ್ಣ ಬಂತು ಅಂತ ಅರ್ಥ, ಅದರ ಬೆನ್ನಿಗೇ ಚಿಪ್ಪು.

ಹಾಬೂರ್ ಕಲ್ಲು ನೋಡಲು ಚೆಂದ. ಹಳದಿ ಮೈಯಲ್ಲಿ ಕೆಂಗಂದು ಚಿಪ್ಪಿನ ಚೂರುಗಳು ಒತ್ತಾಗಿ ಕೂತಿರುತ್ತವೆ. ನಡುವೆ ಸುರುಳಿ ಸುತ್ತಿದ ಅಮೊನೈಟ್, ಅಂದರೆ ಈಗ ಅಳಿದುಹೋದ ಒಂದು ಬಗೆಯ ಚಿಪ್ಪಿನ ಪ್ರಾಣಿ. ಈ ಪ್ರಾಣಿ ಸಮುದ್ರ ಬಿಟ್ಟು ಬೇರೆಲ್ಲೂ ಇರಲಿಲ್ಲ. ಅದರ ಜಾತಿಗಳು ಬೇಗ ಬೇಗ ಬದಲಾದ್ದರಿಂದ ಕಲ್ಲಿನ ವಯಸ್ಸನ್ನೂ ಅವೇ ಹೇಳುತ್ತವೆ. ಈ ಕಲ್ಲು ಕ್ರಿಟೇಷಿಯಸ್‌ನೊಳಗಿನ ಆಪ್ಟಿಯನ್ ಅನ್ನುವ ಕಾಲಘಟ್ಟದ್ದು ಅಂತ ಗೊತ್ತಾಗಿದ್ದು ಅಮೊನೈಟ್‌ಗಳಿಂದಲೇ. ಚಿಪ್ಪು ಹುಡುಕಲು ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸುರುಳಿಯ ಏಣುಗಳು ಎದ್ದು ಕಾಣುತ್ತವೆ. ಮಧ್ಯಾಹ್ನ ಎಲ್ಲ ಒಂದೇ ಹಳದಿ. ನಾನಂತೂ ಆ ಹೊತ್ತಿಗೆ ಬನ್ನಿ ಮರದ ಕೆಳಗೆ ಕೂತು ನೋಟ್‌ಬುಕ್ ಸರಿ ಮಾಡಿಕೊಳ್ಳುತ್ತಿದ್ದೆ. ಅಲ್ಲಿ ಅದಕ್ಕೆ ಖೇಜ್ರಿ ಅನ್ನುತ್ತಾರೆ.

ಈ ಕಲ್ಲಿನ ಬಟ್ಟಲಿನಲ್ಲಿ ಹಾಲಿಟ್ಟರೆ ಹೆಪ್ಪು ಹಾಕದೆಯೇ ಮೊಸರಾಗುತ್ತದೆ ಅಂತ ಅಲ್ಲಿ ಮಾತಿದೆ. ಜೈಸಲ್ಮೇರ್ ಅಂಗಡಿಗಳಲ್ಲಿ ಮಾರುವುದೂ ಹಾಗೆ ಹೇಳಿಯೇ. ನನಗೆ ನಂಬಿಕೆ ಬರಲಿಲ್ಲ. ಹಾಲು ಹೆಪ್ಪುಗಟ್ಟಲು ಹುಳಿ ಬೇಕು, ಸುಣ್ಣದ ಕಲ್ಲು ಹುಳಿಯನ್ನು ಕಡಿಮೆ ಮಾಡುವಂಥದ್ದು. ಕಲ್ಲಿನ ಸಂದಿಗಳಲ್ಲಿ ಹಿಂದಿನ ಮೊಸರಿನ ಬ್ಯಾಕ್ಟೀರಿಯಾ ಉಳಿದಿದ್ದರೆ ಮೊಸರಾಗಬಹುದು ಅನ್ನುವುದು ನನ್ನ ಅಂದಾಜು.

ಪದರಗಳ ಚಿತ್ರವನ್ನು ಅಲ್ಲೇ ಬರೆದುಬಿಡಿ, ರೂಮಿಗೆ ಬಂದು ಅಲ್ಲ. ಮರಳಿನ ಕಾಳು ದಪ್ಪಗಿದ್ದ ಕಡೆ ಪಟ್ಟಿ ಅಗಲ, ಸಣ್ಣಗಿದ್ದ ಕಡೆ ಕಿರಿದು. ಪ್ರತಿ ಕಲ್ಲಿನ ತುಂಡಿನ ಮೇಲೆ ಯಾವ ಕಡೆ ಮೇಲು ಅಂತ ಬಾಣದ ಗುರುತು ಹಾಕಿ. ನಾನು ಅಳೆದ ಸಾಲಿನಲ್ಲಿ ಎರಡು ಕಲ್ಲುಗಳು ಸೇರುವಲ್ಲೇ ಸ್ವಲ್ಪ ಭಾಗವನ್ನು ಮರಳು ಮುಚ್ಚಿತ್ತು. ಅಲ್ಲಿ ಗೆರೆ ಎಳೆಯದೆ, ಆ ಜಾಗವನ್ನು ಖಾಲಿ ಬಿಟ್ಟು 'ಮುಚ್ಚಿದೆ' ಅಂತ ಬರೆದೆ.