ಪವರ್‌ಪಾಯಿಂಟ್ ಕೈಕೊಟ್ಟಾಗ ನಾನು ಮೊದಲು ನೋಡುವುದು

ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನ ಕಂಪ್ಯೂಟರ್, ಪ್ರೊಜೆಕ್ಟರ್, ಮೈಕು ಎಲ್ಲಾ ನನ್ನ ಸುಪರ್ದಿಯಲ್ಲಿವೆ. ಹಾಗಾಗಿ ವರ್ಷಪೂರ್ತಿ ಬೇರೆಯವರು ಮಾಡಿದ ಪಿಪಿಟಿ ತೆರೆಯುವುದೇ ನನ್ನ ಕೆಲಸ. ಅತಿಥಿಗಳು ಪೆನ್‌ಡ್ರೈವ್ ಕೈಗಿಟ್ಟು ವೇದಿಕೆ ಹತ್ತಿ ಕೂತುಬಿಡುತ್ತಾರೆ. ಫೈಲ್ ತೆರೆಯದಿದ್ದರೆ ಸಭೆಯೆಲ್ಲ ತಿರುಗಿ ನೋಡುವುದು ನನ್ನ ಕಡೆಗೆ.

ಬರುವ ತಕರಾರುಗಳು ಹೆಚ್ಚುಕಡಿಮೆ ಅವೇ. ಫೋಟೊ ಇರಬೇಕಾದ ಜಾಗದಲ್ಲಿ ಕೆಂಪು ಇಂಟು ಮಾರ್ಕ್, ಜೊತೆಗೆ 'ನಿಮ್ಮ ಕಂಪ್ಯೂಟರ್‌ನಲ್ಲಿ ಸಾಕಷ್ಟು ಮೆಮೊರಿ ಇಲ್ಲದಿರಬಹುದು ಅಥವಾ ಚಿತ್ರ ಕೆಟ್ಟಿರಬಹುದು' ಅನ್ನುವ ಮಾತು. ಇಲ್ಲವೇ ಸೇವ್ ಮಾಡುವಾಗ ಮೆಮೊರಿ ಸಾಲದು ಅನ್ನುವ ಎರರ್. ಇನ್ನು ಕೆಲವು ಸಲ ಎಡಿಟ್ ಮಾಡುವಾಗ ಎಲ್ಲ ಸರಿಯಿರುತ್ತದೆ, ಸ್ಲೈಡ್ ಶೋ ಶುರುಮಾಡಲು ಎಫ್5 ಒತ್ತಿದ ಕೂಡಲೇ ಪರದೆ ಕಪ್ಪು.

ಇವನ್ನೆಲ್ಲ ಒಂದೇ ಗಂಟಿಗೆ ಹಾಕಿ 'ಕಂಪ್ಯೂಟರ್ ಹಳೇದಾಯ್ತು' ಅಂದುಬಿಡುವವರೇ ಜಾಸ್ತಿ. ನಾನು ಮೊದಲು ಬೇರೆ ಬೇರೆ ಮಾಡಿಕೊಳ್ಳುತ್ತೇನೆ. ಅದೇ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತೇನೆ. ಅಲ್ಲೂ ಅದೇ ಸ್ಲೈಡ್‌ನಲ್ಲಿ ಮುಗ್ಗರಿಸಿದರೆ ದೋಷ ಫೈಲಿನದು. ಈ ಕಂಪ್ಯೂಟರ್‌ನಲ್ಲಿ ಯಾವ ಫೈಲ್ ಹಾಕಿದರೂ ಹೀಗೇ ಆದರೆ ದೋಷ ಕಂಪ್ಯೂಟರ್‌ನದು. ಎಡಿಟ್‌ನಲ್ಲಿ ಸರಿಯಿದ್ದು ಸ್ಲೈಡ್ ಶೋನಲ್ಲಿ ಮಾತ್ರ ಕೆಟ್ಟರೆ ಬಹಳ ಸಲ ಅದು ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್‌ನ ಕಾಟ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೆಮೊರಿ ಅನ್ನುವ ಮಾತು ಕೇಳಿಸಿದಾಗಲೆಲ್ಲ ಸಾಮಾನ್ಯವಾಗಿ ಸಿಕ್ಕಿಬೀಳುವುದು ಫೈಲೇ.

ಸಸ್ಯಶಾಸ್ತ್ರದ ಸರ್ ಒಬ್ಬರ ಪಿಪಿಟಿ ಹೇಳಿದರೆ ಅರ್ಥವಾಗುತ್ತದೆ. ಮಲೆನಾಡಿನ ಸೀತಾಳೆ ದಂಡೆ ಮತ್ತಿತರ ಆರ್ಕಿಡ್‌ಗಳ ಬಗ್ಗೆ ಮಾತು. ಫೋಟೊಗಳೆಲ್ಲ ಅವರೇ ಕ್ಯಾಮೆರಾದಲ್ಲಿ ತೆಗೆದವು, ಒಂದಕ್ಕಿಂತ ಒಂದು ಚೆಂದ. ಒಂದು ಸ್ಲೈಡ್‌ನಲ್ಲಿ ಹನ್ನೆರಡು ಫೋಟೊ ಜೋಡಿಸಿದ್ದರು. ಅವರ ಕಂಪ್ಯೂಟರ್‌ನಲ್ಲಿ ಆ ಸ್ಲೈಡ್ ಬಂದ ತಕ್ಷಣ ಕೆಂಪು ಇಂಟು ಮಾರ್ಕ್‌ಗಳ ಸಾಲು. "ಹೊಸದಾಗಿ ರ‍್ಯಾಮ್ ಹಾಕಿಸಿದೆನಲ್ಲ ಮಾರಾಯ್ರೇ, ಇನ್ನೂ ಮೆಮೊರಿ ಇಲ್ಲ ಅಂತಿದೆಯಲ್ಲ!" ಅಂತ ಅವರಿಗೆ ಬೇಜಾರು.

"ಸರ್, ಒಂದ್ನಿಮಿಷ" ಅಂದು ಫೈಲಿನ ಇನ್ನೊಂದು ಕಾಪಿ ಮಾಡಿಕೊಂಡೆ. ಮೈಕ್ರೋಸಾಫ್ಟ್ ಆಫೀಸ್ 2007ರಿಂದ ಈಚೆಗೆ ಬಂದ ಪಿಪಿಟಿಎಕ್ಸ್ ಫೈಲ್ ಒಳಗಿಂದೊಳಗೆ ಒಂದು ಝಿಪ್ ಫೈಲೇ. ಹೆಸರಿನ ಕೊನೆಯಲ್ಲಿರುವ ಪಿಪಿಟಿಎಕ್ಸ್ ಅಳಿಸಿ ಝಿಪ್ ಅಂತ ಬರೆದರೆ ಫೋಲ್ಡರ್ ಥರ ತೆರೆದುಕೊಳ್ಳುತ್ತದೆ. ಒಳಗೆ ಪಿಪಿಟಿ ಅನ್ನುವ ಫೋಲ್ಡರ್, ಅದರೊಳಗೆ ಮೀಡಿಯಾ. ಅಲ್ಲಿ ಎಲ್ಲ ಚಿತ್ರ, ವಿಡಿಯೊ ಸಾಲಾಗಿ ಇರುತ್ತವೆ. ಸೈಜ್ ಪ್ರಕಾರ ಜೋಡಿಸಿದರೆ ಭಾರ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಸರ್ ಅವರ ಒಂದೊಂದು ಫೋಟೊ 6000 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಡ್ಡ, 4000 ಉದ್ದ. ಸ್ಲೈಡ್‌ನಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದ ಹೂವು ಇಲ್ಲಿ ಮರ, ಕೊಂಬೆ, ಹಿಂದಿನ ಕಾಡು ಸಮೇತ ಹಾಗೇ ಕೂತಿತ್ತು. ಕ್ರಾಪ್ ಮಾಡಿದ್ದು ಸ್ಲೈಡ್‌ನ ಮೇಲೆ ಮಾತ್ರ. ಫೈಲಿನೊಳಗೆ ಪೂರ್ತಿ ಫೋಟೊ ಉಳಿದೇ ಇರುತ್ತದೆ. ಗ್ರೂಪ್ ಫೋಟೊದಲ್ಲಿ ಯಾರನ್ನಾದರೂ ಕ್ರಾಪ್ ಮಾಡಿ ತೆಗೆದು ಫೈಲ್ ಹಂಚುವವರು ಇದನ್ನು ಸ್ವಲ್ಪ ನೆನಪಿಡಿ.

ಈಗ ಲೆಕ್ಕ ನೋಡಿ. 6000ವನ್ನು 4000ದಿಂದ ಗುಣಿಸಿದರೆ 2.4 ಕೋಟಿ ಪಿಕ್ಸೆಲ್. ಡಿಸ್ಕ್‌ನಲ್ಲಿ ಜೆಪೆಗ್ ಫೋಟೊ ಒತ್ತಿ ಇಟ್ಟಿರುತ್ತದೆ, ಏಳೆಂಟು ಎಂಬಿ ಅಷ್ಟೇ. ಪರದೆಯ ಮೇಲೆ ಬರೆಯುವಾಗ ಅದನ್ನು ಬಿಚ್ಚಬೇಕು, ಒಂದೊಂದು ಪಿಕ್ಸೆಲ್‌ಗೆ 4 ಬೈಟ್ ಬೇಕು. ಅಲ್ಲಿಗೆ ಒಂದು ಫೋಟೊಗೆ ಹೆಚ್ಚುಕಡಿಮೆ 92 ಎಂಬಿ. ಡಬ್ಬಿಯಲ್ಲಿ ಒತ್ತಾಗಿ ಕೂತ ಸಂಡಿಗೆ ಕರಿದ ಮೇಲೆ ಅದೇ ಡಬ್ಬಿಗೆ ಹಿಡಿಸುತ್ತಾ? ಹನ್ನೆರಡನ್ನೂ ಪೂರ್ತಿ ಬಿಚ್ಚಿದರೆ ಒಂದೇ ಸ್ಲೈಡ್‌ಗೆ 1 ಜಿಬಿಗಿಂತ ಜಾಸ್ತಿ ಆಯಿತು.

ರ‍್ಯಾಮ್ ಹಾಕಿಸಿದರೂ ಯಾಕೆ ಪ್ರಯೋಜನ ಆಗಲಿಲ್ಲ? ಅವರ ಆಫೀಸ್ 32 ಬಿಟ್‌ನದು. ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವ ಜಾಗ 2 ಜಿಬಿ. ನೀವು 16 ಜಿಬಿ ರ‍್ಯಾಮ್ ಹಾಕಿಸಿದರೂ ಅದು ಆ ಗೆರೆ ದಾಟುವುದಿಲ್ಲ. ಆಫೀಸ್ 2016ರ ತನಕ ಸುಮ್ಮನೆ ಇನ್‌ಸ್ಟಾಲ್ ಕೊಟ್ಟರೆ 32 ಬಿಟ್ಟೇ ಕೂರುತ್ತಿತ್ತು, 2019ರಿಂದ 64 ಬಿಟ್. ನಿಮ್ಮದು ಯಾವುದು ಅಂತ ತಿಳಿಯಲು ಫೈಲ್, ಅಕೌಂಟ್, ಅಬೌಟ್ ಪವರ್‌ಪಾಯಿಂಟ್ ಒತ್ತಿ. ಮೇಲಿನ ಸಾಲಿನಲ್ಲೇ ಇರುತ್ತದೆ. ಬದಲಿಸಬೇಕಾದರೆ ಆಫೀಸ್ ಪೂರ್ತಿ ತೆಗೆದು ಮತ್ತೆ ಹಾಕಬೇಕು. ಹಳೆಯ ಆಡ್-ಇನ್ (ಪವರ್‌ಪಾಯಿಂಟ್‌ಗೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂ) ನಂಬಿಕೊಂಡವರು ಮೊದಲು ಅದು 64 ಬಿಟ್‌ನಲ್ಲಿ ನಡೆಯುತ್ತದಾ ನೋಡಿಕೊಳ್ಳಿ.

ಆ ಹೊತ್ತಿಗೆ ಅದೆಲ್ಲ ಮಾಡುತ್ತಾ ಕೂರಲು ಆಗುವುದಿಲ್ಲ. ಫೋಟೊ ಇಳಿಸುವುದೇ ದಾರಿ. ಒಂದು ಫೋಟೊ ಮೇಲೆ ಕ್ಲಿಕ್ ಮಾಡಿ, ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ಕಂಪ್ರೆಸ್ ಪಿಕ್ಚರ್ಸ್ ತೆರೆದೆ. 'ಈ ಚಿತ್ರಕ್ಕೆ ಮಾತ್ರ' ಅನ್ನುವ ಟಿಕ್ ತೆಗೆಯಬೇಕು, ಇಲ್ಲದಿದ್ದರೆ ಆ ಒಂದೇ ಫೋಟೊ ಇಳಿದು ಉಳಿದವು ಹಾಗೇ ಇರುತ್ತವೆ. 'ಕ್ರಾಪ್ ಆದ ಭಾಗ ಅಳಿಸು' ಅನ್ನುವುದಕ್ಕೆ ಟಿಕ್ ಇರಬೇಕು. ರೆಸಲ್ಯೂಶನ್ 150 ಪಿಪಿಐ, ಅಂದರೆ ಇಂಚಿಗೆ 150 ಪಿಕ್ಸೆಲ್ ಕೊಟ್ಟೆ. "ಕ್ವಾಲಿಟಿ ಹೋಗುತ್ತೆ ಕಣ್ರೀ" ಅಂತ ಸರ್ ಒಪ್ಪಲಿಲ್ಲ. ಯಾರೋ ಹೇಳಿದ್ದು ಕೇಳಿ ಆಪ್ಷನ್ಸ್‌ನಲ್ಲಿ 'ಚಿತ್ರ ಕಂಪ್ರೆಸ್ ಮಾಡಬೇಡ' ಅಂತಲೂ ಟಿಕ್ ಹಾಕಿದ್ದರು. ಅದಕ್ಕೇ ಅಷ್ಟು ಭಾರವಾಗಿದ್ದು. ಅವರಿಗೂ ಲೆಕ್ಕ ತೋರಿಸಿದೆ. ಅಗಲದ ಸ್ಲೈಡ್ 13.33 ಇಂಚು, ಎತ್ತರ 7.5. 150ರಿಂದ ಗುಣಿಸಿದರೆ 2000 ಅಡ್ಡ, 1125 ಉದ್ದ. ಪ್ರೊಜೆಕ್ಟರ್ ತೋರಿಸುವುದೇ 1920 ಅಡ್ಡ, 1080 ಉದ್ದ. ಅದಕ್ಕಿಂತ ಜಾಸ್ತಿ ಕೊಟ್ಟರೂ ಕೊನೆಯ ಸಾಲಿನಲ್ಲಿ ಕೂತವರಿಗೆ ಹೂವು ಇನ್ನೂ ಚೆನ್ನಾಗಿ ಕಾಣುವುದಿಲ್ಲ, ಅಲ್ವಾ? ಹನ್ನೆರಡೂ ಸೇರಿ ಈಗ ಒಂದು ಸ್ಲೈಡ್ ತುಂಬುವಷ್ಟು ಪಿಕ್ಸೆಲ್, ಬಿಚ್ಚಿದರೂ 9 ಎಂಬಿ ಆಸುಪಾಸು. ಮೂಲ ಫೈಲನ್ನು ಮುಟ್ಟದೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮುಚ್ಚಿ ತೆರೆದೆ. ಮುಚ್ಚಿ ತೆರೆಯುವುದು ಮುಖ್ಯ, ಯಾಕಂದ್ರೆ ಅನ್‌ಡು ಮಾಡಲಿಕ್ಕೆಂದು ಹಳೆಯದನ್ನೂ ಪ್ರೋಗ್ರಾಂ ಹಿಡಿದಿಟ್ಟುಕೊಂಡಿರುತ್ತದೆ.

ಕೆಲವು ಫೈಲ್‌ಗಳಲ್ಲಿ ಫೋಟೊ ಇಳಿಸಿದರೂ ಭಾರ ಇಳಿಯುವುದಿಲ್ಲ. ಆಗ ವ್ಯೂನಲ್ಲಿ ಸ್ಲೈಡ್ ಮಾಸ್ಟರ್ (ಸ್ಲೈಡ್‌ಗಳ ಹಿನ್ನೆಲೆ, ವಿನ್ಯಾಸದ ಅಚ್ಚು) ತೆರೆಯುತ್ತೇನೆ. ಹತ್ತು ಕಡೆಯಿಂದ ಸ್ಲೈಡ್ ತಂದು ಅಂಟಿಸಿದ ಪಿಪಿಟಿಯಲ್ಲಿ ಹತ್ತು ಮಾಸ್ಟರ್ ಕೂತಿರುತ್ತವೆ, ಒಂದೊಂದಕ್ಕೂ ದೊಡ್ಡ ಹಿನ್ನೆಲೆ ಚಿತ್ರ. ಬಳಸದ್ದನ್ನು ಅಳಿಸಿದರೆ ಆಯಿತು. ಕಾಮರ್ಸ್ ವಿಭಾಗದವರದು ಬೇರೆ ಕಥೆ. ಎಕ್ಸೆಲ್‌ನಿಂದ ಚಾರ್ಟ್ ತಂದು ಎಂಬೆಡ್ ಮಾಡಿರುತ್ತಾರೆ, ಚಾರ್ಟ್ ಜೊತೆ ಇಡೀ ವರ್ಕ್‌ಬುಕ್ಕೇ ಒಳಗೆ ಬಂದಿರುತ್ತದೆ. ಭಾರವಷ್ಟೇ ಅಲ್ಲ, ಡಬಲ್ ಕ್ಲಿಕ್ ಮಾಡಿದರೆ ಪಕ್ಕದ ಶೀಟ್‌ನಲ್ಲಿರುವ ಸಂಬಳದ ಪಟ್ಟಿಯೂ ತೆರೆದುಕೊಂಡೀತು! ಚಿತ್ರವಾಗಿ ಪೇಸ್ಟ್ ಮಾಡಿದರೆ ಎರಡೂ ತಾಪತ್ರಯ ಇಲ್ಲ. ಸಿವಿಲ್‌ನವರು ಕ್ಯಾಡ್ ಡ್ರಾಯಿಂಗ್ ನೇರವಾಗಿ ಅಂಟಿಸಿದಾಗಲೂ ಹೀಗೇ. ಸಾವಿರಾರು ಗೆರೆಗಳನ್ನು ಪ್ರತಿ ಸಲ ಹೊಸದಾಗಿ ಎಳೆಯಬೇಕಾಗಿ ಸ್ಲೈಡ್ ಏದುಸಿರು ಬಿಡುತ್ತದೆ. ಅದನ್ನು ಕಟ್ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಪಿಎನ್‌ಜಿ ಆಗಿ ಹಾಕುತ್ತೇನೆ.

ಕನ್ನಡದ ಪಿಪಿಟಿಗಳಲ್ಲಿ ಕಾಣುವ ಇನ್ನೊಂದು ಭಾರವಿದೆ. ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರ್‌ನಲ್ಲಿ ಗೊಜಲಾಗಿ ಕಾಣುತ್ತದೆ ಅನ್ನುವ ಭಯಕ್ಕೆ ಶೀರ್ಷಿಕೆ, ವಚನ, ಪದ್ಯ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಅಂಟಿಸಿರುತ್ತಾರೆ. ಭಯ ಸುಳ್ಳಲ್ಲ, ನಾನೇ ಎಷ್ಟೋ ನೋಡಿದ್ದೇನೆ. ಆದರೆ ಯೂನಿಕೋಡ್‌ನಲ್ಲಿ ಬರೆದರೆ ಈ ಗೋಳೇ ಇಲ್ಲ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ, ಕನ್ನಡ ಸರಿಯಾಗಿ ಕಾಣುತ್ತದೆ.

ಇನ್ನು ಗ್ರಾಫಿಕ್ಸ್ ವಿಷಯ. ಸ್ಲೈಡ್ ಶೋ ಕಪ್ಪಾದರೆ, ಮಿಣುಕಿದರೆ, ಅಕ್ಷರದ ನೆರಳು ಹಿಂದೆಯೇ ಉಳಿದುಕೊಂಡರೆ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ ನಾಲ್ಕನ್ನೂ ಒಟ್ಟಿಗೆ ಒತ್ತುತ್ತೇನೆ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿ, ಬೀಪ್ ಅಂದು ವಾಪಸ್ ಬರುತ್ತದೆ, ತೆರೆದ ಫೈಲ್‌ಗೆ ಏನೂ ಆಗುವುದಿಲ್ಲ. ಕಾರ್ಯಕ್ರಮದ ನಡುವೆ ಇದರಷ್ಟು ಉಪಕಾರಿ ಬೇರೊಂದಿಲ್ಲ. ಮತ್ತೆ ಮತ್ತೆ ಬಂದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಡಿಸ್‌ಪ್ಲೇ ಅನ್ನುವ ಭಾಗದಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಶನ್ ನಿಲ್ಲಿಸುವ ಟಿಕ್ ಹಾಕುತ್ತೇನೆ. ಸ್ಲೈಡ್ ಶೋಗೆ ಬೇರೆಯೇ ಟಿಕ್ ಇರುತ್ತದೆ, ಅದನ್ನೂ ಹಾಕಬೇಕು. ಕೆಲವು ಹೊಸ ಆವೃತ್ತಿಗಳಲ್ಲಿ ಈ ಟಿಕ್ ಸಿಗುವುದಿಲ್ಲ. ಅಂಥ ಕಡೆ, ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಆಗಿದ್ದರೆ, ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಯಲ್ಲಿ ಗ್ರಾಫಿಕ್ಸ್ ತೆರೆದು ಪವರ್‌ಪಾಯಿಂಟ್‌ಗೆ ಪವರ್ ಸೇವಿಂಗ್ ಆಯ್ಕೆ ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ಹೊಸದು ಮಾಡಿ. ಉಚಿತ ಡ್ರೈವರ್ ಅಪ್‌ಡೇಟರ್ ಅಂತ ಬರುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡವೇ ಬೇಡ.

ಫೈಲ್ ತೆರೆಯುವಾಗಲೇ 'ತೊಂದರೆ ಇದೆ, ರಿಪೇರಿ ಮಾಡಲಾ' ಅಂತ ಕೇಳಿದರೆ ಒಪ್ಪುವ ಮೊದಲು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಈಮೇಲ್‌ನಲ್ಲಿ ಬಂದ ಫೈಲ್ ಆಗಿದ್ದರೆ ಕೆಳಗೆ ಅನ್‌ಬ್ಲಾಕ್ ಅಂತ ಇರಬಹುದು. ಕಳಿಸಿದವರು ಗೊತ್ತಿದ್ದವರಾದರೆ ಅದಕ್ಕೆ ಟಿಕ್ ಹಾಕಿ ತೆರೆಯಿರಿ, ಎಷ್ಟೋ ಸಲ ರಿಪೇರಿಯ ಮಾತೇ ಬರುವುದಿಲ್ಲ. ನಿಜವಾಗಿಯೂ ಕೆಟ್ಟಿದ್ದರೆ ಹೊಸ ಖಾಲಿ ಪಿಪಿಟಿ ತೆರೆದು ರೀಯೂಸ್ ಸ್ಲೈಡ್ಸ್ ಮೂಲಕ (ಕೆಲವು ಹೊಸ ಆವೃತ್ತಿಗಳಲ್ಲಿ ಈ ಆಯ್ಕೆ ಇಲ್ಲ) ಹಳೆಯ ಫೈಲಿನಿಂದ ಹತ್ತತ್ತು ಸ್ಲೈಡ್ ತರುತ್ತೇನೆ. ಎಡವಿದ ಹತ್ತನ್ನು ಐದಾಗಿ, ಆಮೇಲೆ ಒಂದೊಂದಾಗಿ. ಕೊನೆಗೆ ಸಿಗುವುದು ಒಂದು ಕೆಟ್ಟ ಚಿತ್ರ ಅಥವಾ ವಿಡಿಯೊ. ಉಳಿದ ಸ್ಲೈಡ್‌ಗಳಿಗೆ ಏನೂ ಆಗಿರುವುದಿಲ್ಲ.

ಕಂಪ್ಯೂಟರ್ ಕಡೆಯ ತೊಂದರೆ ಅಂದರೆ ನಮ್ಮಲ್ಲಿ ಮುಖ್ಯವಾಗಿ ಸಿ ಡ್ರೈವ್ ತುಂಬಿರುವುದು. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕ್‌ನಲ್ಲಿ ಜಾಗ ಮಾಡಿಕೊಳ್ಳುತ್ತದೆ. ಅಲ್ಲೂ ಜಾಗ ಇಲ್ಲದಿದ್ದರೆ ಮೆಮೊರಿ ಇಲ್ಲ ಅಂತಲೇ ಹೇಳುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ಮತ್ತು ಟೆಂಪ್ ಫೈಲ್‌ಗಳನ್ನು ಖಾಲಿ ಮಾಡಿದರೆ ಸಾಕಾಗುತ್ತದೆ. ಬ್ರೌಸರ್‌ನ ಟ್ಯಾಬ್‌ಗಳನ್ನೂ ಮುಚ್ಚಿ. ಆಡ್-ಇನ್ ಮೇಲೆ ಅನುಮಾನ ಬಂದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ಪವರ್‌ಪಾಯಿಂಟ್ ತೆರೆಯಿರಿ, ಸೇಫ್ ಮೋಡ್‌ನಲ್ಲಿ ತೆರೆಯಲಾ ಅಂತ ಕೇಳುತ್ತದೆ.

ಈಗ ಅತಿಥಿಗಳಿಗೆ ಆಮಂತ್ರಣ ಕಳಿಸುವಾಗಲೇ ಫೈಲನ್ನು ಹಿಂದಿನ ದಿನ ಕೊಡಿ ಅಂತ ಒಂದು ಸಾಲು ಸೇರಿಸುತ್ತೇವೆ. ಬಂದದ್ದನ್ನು ಪೆನ್‌ಡ್ರೈವ್‌ನಿಂದ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಒಂದು ಸಲ ಪೂರ್ತಿ ಓಡಿಸಿ ನೋಡುತ್ತೇನೆ. ಜೊತೆಗೆ ಒಂದು ಪಿಡಿಎಫ್ ಕಾಪಿ. ಅದರಲ್ಲಿ ಅನಿಮೇಶನ್ ಇರುವುದಿಲ್ಲ ಅಂತ ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ವಿಡಿಯೊ ಇದ್ದರೆ ಅದನ್ನು ಬೇರೆ ಪ್ಲೇಯರ್‌ನಲ್ಲಿ ಮೊದಲೇ ತೆರೆದು ನಿಲ್ಲಿಸಿರುತ್ತೇನೆ. ಸ್ಲೈಡ್ ಕೈಕೊಟ್ಟರೆ ಆಲ್ಟ್ ಟ್ಯಾಬ್ ಒತ್ತಿ ಅಲ್ಲಿಗೆ ಹೋದರಾಯಿತು.