ಗಲ್ಲಾದಲ್ಲಿ ಕೂತವನಿಗೆ ಗಪ್ಪೀದಾಸನ ಪರಿಚಯ

ನೊಣಹಿಡುಕ (ಫ್ಲೈಕ್ಯಾಚರ್) ಎಂಬ ಪುಟ್ಟ ಹಕ್ಕಿಗಳನ್ನು ಗುರುತಿಸಲು ಹೊರಟ ಮೊದಲ ಚಳಿಗಾಲದ ನನ್ನ ನೋಟ್‌ಬುಕ್ಕಿನಲ್ಲಿ ‘ಕಂದು, ಚಿಕ್ಕದು’ ಎಂದು ಹನ್ನೊಂದು ಸಲ ಬರೆದಿದೆ. ಪಕ್ಕದಲ್ಲಿ ಹೆಸರಿಲ್ಲ, ಪ್ರಶ್ನೆಚಿಹ್ನೆ ಮಾತ್ರ.

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಬೆಳಗ್ಗಿನ ಗಲ್ಲಾ ಪಾರ್ಟ್‌ನರ್‌ದು, ಮಧ್ಯಾಹ್ನ ಹನ್ನೆರಡರಿಂದ ಶಟರ್ ಎಳೆಯುವವರೆಗೆ ನನ್ನದು. ಹಾಗಾಗಿ ಬೆಳಗ್ಗೆ ಹತ್ತರವರೆಗೆ ನಾನು ಪಕ್ಕದ ಆರೆ ಕಾಲೊನಿಯ ಮರಗಳ ನಡುವೆ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು. ಊರಲ್ಲಿ ನನಗೆ ಗೊತ್ತಿದ್ದದ್ದು ಅಂಗಳಕ್ಕೆ ಬರುವ ಮಡಿವಾಳ ಹಕ್ಕಿ ಒಂದೇ. ಕಪ್ಪು-ಬಿಳುಪು, ಬಾಲ ಎತ್ತಿ ಹಾಡುತ್ತದೆ, ಗುರುತಿಸಲು ವಿದ್ಯೆ ಬೇಡ. ಅದನ್ನೂ ಈಗ ನೊಣಹಿಡುಕಗಳ ಕುಟುಂಬಕ್ಕೇ ಸೇರಿಸಿದ್ದಾರೆ ಎಂದು ತಿಳಿದದ್ದು ಆಮೇಲೆ.

ಬಣ್ಣ ನೋಡಿ ಕಲಿಯಲು ಹೊರಟದ್ದೇ ನನ್ನ ತಪ್ಪು. ಚಿತ್ರದ ಪುಸ್ತಕದಲ್ಲಿ ಕೆಂಪೆದೆಯ ನೊಣಹಿಡುಕದ ಕೆಂಪುಗಂಟಲಿನ ಗಂಡು ಎಷ್ಟು ಚಂದ! ಆದರೆ ಆರೆಗೆ ಚಳಿಗಾಲಕ್ಕೆ ಬರುವವುಗಳಲ್ಲಿ ಹೆಣ್ಣು, ಎಳೆಯವುಗಳೇ ನನ್ನ ಕಣ್ಣಿಗೆ ಬೀಳುತ್ತಿದ್ದವು. ಅವಕ್ಕೆ ಕೆಂಪೇ ಇಲ್ಲ. ಒಂದು ದಿನ ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುವಾಗ ಹೊಳೆಯಿತು: ನಾನು ಗಿರಾಕಿಗಳನ್ನು ಮುಖ ನೋಡಿ ಎಲ್ಲಿ ಗುರುತಿಸುತ್ತೇನೆ? ಫ್ಯಾನಿನ ಕೆಳಗೇ ಕೂರುವವ, ಟೇಬಲ್ ಬದಲಿಸುತ್ತಲೇ ಇರುವವ, ಬಾಗಿಲ ಬಳಿ ನಿಂತೇ ಕಟಿಂಗ್ ಚಹಾ ಕುಡಿದು ಹೋಗುವವ. ತಲೆ ಎತ್ತದೆಯೂ ಯಾರು ಬಂದರೆಂದು ಗೊತ್ತಾಗುತ್ತದೆ.

ಮರುದಿನದಿಂದ ಅಲೆದಾಟ ನಿಲ್ಲಿಸಿದೆ. ಒಂದೇ ಮರದ ಎದುರು ಮುಕ್ಕಾಲು ಗಂಟೆ ಕೂತೆ. ಬಣ್ಣ ಬರೆಯಲಿಲ್ಲ. ಎಲ್ಲಿ ಕೂತಿತು, ಹುಳ ಹಿಡಿದು ಎಲ್ಲಿಗೆ ಹೋಯಿತು, ಬಾಲ ಏನು ಮಾಡಿತು ಎಂದಷ್ಟೇ ಬರೆದೆ. ಒಂದು ವಾರದಲ್ಲಿ ‘ಕಂದು, ಚಿಕ್ಕದು’ ಎರಡಾಗಿ ಒಡೆಯಿತು. ಒಂದು ಬೋಳು ಕೊಂಬೆಯಲ್ಲಿ ನೆಟ್ಟಗೆ ಕೂತು, ಹಾರಿ ಹುಳ ಹಿಡಿದು, ಬಹಳ ಸಲ ಅದೇ ಕೊಂಬೆಗೆ ಮರಳುತ್ತಿತ್ತು. ದೊಡ್ಡ ಕಣ್ಣು, ಸುತ್ತ ಬಿಳಿ ಉಂಗುರ. ಅದು ಏಷ್ಯನ್ ಬ್ರೌನ್ ನೊಣಹಿಡುಕ. ಇನ್ನೊಂದಕ್ಕೆ ಕೂತಲ್ಲಿ ಸಮಾಧಾನವಿಲ್ಲ. ಎಲೆಗಳ ನಡುವೆ ಜಾಗ ಬದಲಿಸುತ್ತ, ಬಾಲವನ್ನು ಚಿಮ್ಮಿ ಮೇಲಕ್ಕೆತ್ತುತ್ತ, ನಡುನಡುವೆ ‘ಟ್ರ್‌ರ್‌ರ್’ ಎಂದು ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಬಾಲ ಕಪ್ಪು, ಬುಡದ ಎರಡೂ ಬದಿ ಬಿಳಿ. ಪೂರ್ವ ಯುರೋಪು, ರಷ್ಯಾ ಕಡೆ ಮರಿ ಮಾಡಿ ಬರುವ ಕೆಂಪೆದೆಯ ನೊಣಹಿಡುಕ ಇದೇ. ಈಗ ನಾನು ಮೊದಲು ಹುಡುಕುವುದು ಆ ಗಿಲಕಿ ಸದ್ದನ್ನು, ಆಮೇಲೆ ಹಕ್ಕಿಯನ್ನು.

ಇಷ್ಟು ಕಲಿತ ಜಂಬದಲ್ಲಿ ಒಮ್ಮೆ ಮಂಗನೂ ಆದೆ. ಕೆಂಪೆದೆಯದರ ಹತ್ತಿರದ ನೆಂಟ ಟೈಗಾ ನೊಣಹಿಡುಕ, ಸೈಬೀರಿಯಾದ್ದು. ಹಿಂದೆ ಎರಡನ್ನೂ ಒಂದೇ ಜಾತಿಯೆಂದು ಲೆಕ್ಕ ಹಿಡಿಯುತ್ತಿದ್ದರು. ನಾನು ಟೈಗಾ ಕಂಡೆ ಎಂದು ಗೆಳೆಯರಿಗೆಲ್ಲ ಸಾರಿದೆ. ಒಬ್ಬರು ನನ್ನದೇ ಫೋಟೊ ದೊಡ್ಡದು ಮಾಡಿ ತೋರಿಸಿದರು: ಕೆಳಗಿನ ಕೊಕ್ಕಿನ ಬುಡ ತಿಳಿ ಬಣ್ಣ. ಟೈಗಾಕ್ಕೆ ಕೊಕ್ಕು ಹೆಚ್ಚುಕಡಿಮೆ ಪೂರ್ತಿ ಕಪ್ಪು. ಆ ರಾತ್ರಿ ನಮ್ಮ ಅಡುಗೆಯ ಭಟ್ರು, “ಏನು ಶೆಟ್ರೇ, ಸೈಬೀರಿಯಾದ ಗಿರಾಕಿ ಬಿಲ್ ಕೊಡದೆ ಹೋದ್ನಾ?” ಎಂದು ಕೇಳಿದರು.

ಬೊರಿವಲಿಯ ನ್ಯಾಷನಲ್ ಪಾರ್ಕಿನ ಶಿಲೊಂಡಾ ದಾರಿಯಲ್ಲಿ ಪಾಠ ಬೇರೆ. ಅಲ್ಲಿ ತೊರೆ ಪಕ್ಕದ ನೆರಳಿನಲ್ಲಿ, ನನ್ನ ಸೊಂಟದೆತ್ತರದ ಪೊದೆಯಲ್ಲಿ, ಟಿಕೆಲ್ ನೀಲಿ ನೊಣಹಿಡುಕ. ಇದು ವಲಸೆಯದಲ್ಲ, ಇಲ್ಲಿನದೇ. ಬೆನ್ನು ನೀಲಿ, ಎದೆ ಕಿತ್ತಳೆ, ಆದರೂ ನೆರಳಿನಲ್ಲಿ ಕಾಣುವುದಿಲ್ಲ. ಐದಾರು ಸ್ವರದ ಪುಟ್ಟ ಹಾಡು ಕೇಳಿದರೆ ನಿಂತಲ್ಲೇ ನಿಲ್ಲಬೇಕು. ಎರಡು ಹೆಜ್ಜೆ ಮುಂದಿಟ್ಟರೆ ಹಾಡು ಇನ್ನೊಂದು ಪೊದೆಯಿಂದ ಬರುತ್ತದೆ. ಬಾಲ ನೀಳವಾದ ಬಿಳಿ ಗಂಡು ರಾಜಹಕ್ಕಿಗಾಗಿ ಜನ ಇದನ್ನು ದಾಟಿಕೊಂಡು ಓಡುತ್ತಾರೆ. ಇಂಗ್ಲಿಷ್ ಹೆಸರಿನಲ್ಲಿ ಫ್ಲೈಕ್ಯಾಚರ್ ಇದ್ದರೂ ರಾಜಹಕ್ಕಿಯ ಕುಟುಂಬವೇ ಬೇರೆ.

ಮರದ ಹಕ್ಕಿಗಳಿಂದ ಕತ್ತು ನೋವು ಬಂದಾಗ ಭಾಂಡುಪ್ ಪಂಪಿಂಗ್ ಸ್ಟೇಷನ್‌ಗೆ ಹೋಗುತ್ತೇನೆ. ಠಾಣೆ ಖಾರಿಯ (ಒಳಗೆ ಚಾಚಿದ ಕಡಲ ನೀರಿನ) ಅಂಚು, ಕಾಂಡ್ಲಾ ಕಾಡು, ಉಪ್ಪಿನ ಗದ್ದೆ, ಜೊಂಡು. ಅಲ್ಲಿ ಸ್ಟೋನ್‌ಚಾಟ್ ಎಂಬ ಪುಟ್ಟ ಹಕ್ಕಿ ಜೊಂಡಿನ ತುತ್ತತುದಿಯಲ್ಲೇ ಕೂರುತ್ತದೆ, ಧಪ್ಪನೆ ನೆಲಕ್ಕಿಳಿದು ಹುಳ ಎತ್ತಿ ಮತ್ತೆ ತುದಿಗೆ. ಸದ್ದು ಎರಡು ಬೆಣಚುಕಲ್ಲು ತಾಗಿಸಿದ ಹಾಗೆ. ಮರಾಠಿಯವರು ಇದನ್ನು ಗಪ್ಪೀದಾಸ ಎನ್ನುತ್ತಾರೆ, ಹರಟೆಮಲ್ಲ. ಅಷ್ಟು ಮುದ್ದಾದ ಹೆಸರು ನಮ್ಮಲ್ಲಿ ನಾನು ಕೇಳಿಲ್ಲ. ಅದೇ ಜೊಂಡಿನ ಬುಡದಲ್ಲಿ ಬ್ಲೂಥ್ರೋಟ್ ಎಂಬ ಇನ್ನೊಂದು ಹಕ್ಕಿ ಓಡಾಡುತ್ತದೆ. ಗಂಟಲಿನ ನೀಲಿ ಕಾಣುವುದು ಅದೃಷ್ಟ ಇದ್ದರೆ. ಹಾರುವಾಗ ಬಾಲದ ಬುಡದ ಇಟ್ಟಿಗೆಗೆಂಪು ಕಂಡರೆ ನನಗೆ ಸಾಕು. ಮೇಲಿನ ಮಹಡಿಯಲ್ಲಿ ಒಬ್ಬ, ನೆಲಮಾಳಿಗೆಯಲ್ಲಿ ಇನ್ನೊಬ್ಬ.

ಬಾಕಿ ಇರುವುದು ಕಂದೆದೆಯ ನೊಣಹಿಡುಕ. ವಲಸೆಯ ದಿನಗಳಲ್ಲಿ ಹಾದುಹೋಗುತ್ತದೆ, ಏಷ್ಯನ್ ಬ್ರೌನ್‌ನ ಅಣ್ಣನಂತೆಯೇ ಇರುತ್ತದೆ. ವ್ಯತ್ಯಾಸ ಕಾಲಿನಲ್ಲಿ: ಇದರದು ತಿಳಿ ಹಳದಿ, ಅದರದು ಕಪ್ಪು. ಹೋದ ಅಕ್ಟೋಬರಿನಲ್ಲಿ ಒಂದು ಸಿಕ್ಕಿತು, ಇಪ್ಪತ್ತು ನಿಮಿಷ ಎದುರಿಗೇ ಕೂತಿತ್ತು. ಕಾಲೆರಡೂ ಎಲೆಯ ಹಿಂದೆ.